ತುದಿಯಿಂದ ಹೆಣೆಯುವ ಕಾಲುಚೀಲ: ಬೆರಳುಗಳಿಗೆ ಒತ್ತದ ಮೂತಿಯನ್ನು ಹೆಣೆಯುವುದು ಹೇಗೆ?

ಪ್ರಶ್ನೆ: ನೂಲುಂಡೆ

ಎಲ್ಲರಿಗೂ ನಮಸ್ಕಾರ.

ಸಕಲೇಶಪುರದ ಕಡೆಯ ಹಳ್ಳಿಯೊಂದರಲ್ಲಿರುವ ನನ್ನ ಅಮ್ಮನಿಗಾಗಿ ಕಾಲುಚೀಲ ಹೆಣೆಯುತ್ತಿದ್ದೇನೆ. ಮಳೆ ಹಿಡಿದಾಗಿನಿಂದ ಶಿವರಾತ್ರಿ ಕಳೆಯುವವರೆಗೂ ಆ ಮನೆಯ ಕೆಂಪು ಗಾರೆ ನೆಲ ಕಾಲು ಕೊರೆಯುವಷ್ಟು ತಣ್ಣಗಿರುತ್ತದೆ. ಅಂಗಡಿಯಿಂದ ತಂದ ಕಾಲುಚೀಲಗಳಲ್ಲಿ ಬೆರಳುಗಳ ಮೇಲೆ ಅಡ್ಡಲಾಗಿ ಹಾಯುವ ದಪ್ಪ ಹೊಲಿಗೆ ಅವರಿಗೆ ಆಗಿಬರುವುದಿಲ್ಲ. ಸಕ್ಕರೆ ಕಾಯಿಲೆಯೂ ಇರುವುದರಿಂದ ಪಾದದ ಮೇಲೆ ಎಲ್ಲಿಯೂ ಒತ್ತು ಬೀಳದಂತೆ ನೋಡಿಕೊಳ್ಳಬೇಕೆಂದು ವೈದ್ಯರು ಹೇಳಿದ್ದಾರೆ. ಈ ಕಾರಣದಿಂದಲೇ ಹೊಲಿಗೆಯ ಗೊಡವೆಯಿಲ್ಲದೆ ಬೆರಳ ತುದಿಯಿಂದ ಆರಂಭಿಸಿ ಮೇಲಕ್ಕೆ ಹೆಣೆಯುವ ಕ್ರಮವನ್ನು ಆರಿಸಿಕೊಂಡಿದ್ದೇನೆ.

ನೂಲು 75 ಭಾಗ ಉಣ್ಣೆ, 25 ಭಾಗ ನೈಲಾನ್ ಸೇರಿದ್ದು. 100 ಗ್ರಾಂ ಉಂಡೆಯಲ್ಲಿ 420 ಮೀಟರ್ ಇದೆ. ಕಡ್ಡಿ 2.25 ಮಿ.ಮೀ. ಹತ್ತು ಸೆಂಟಿಮೀಟರಿಗೆ 32 ಕುಣಿಕೆ, 44 ಸುತ್ತು ಬರುತ್ತಿದೆ. ಅಮ್ಮನ ಮುಂಗಾಲಿನ ಸುತ್ತಳತೆ 22 ಸೆಂ.ಮೀ., ಪಾದದ ಉದ್ದ 23.5 ಸೆಂ.ಮೀ. ಸುತ್ತಳತೆಯಿಂದ ಹತ್ತನೇ ಒಂದು ಪಾಲು ಕಳೆದು ಒಟ್ಟು 64 ಕುಣಿಕೆಗಳನ್ನು ಇಟ್ಟುಕೊಂಡಿದ್ದೇನೆ. ಮೂತಿಗೆ ಕಡ್ಡಿಗೆ ಹತ್ತರಂತೆ 20 ಕುಣಿಕೆ ಹಾಕಿ, ಸುತ್ತು ಬಿಟ್ಟು ಸುತ್ತು ನಾಲ್ಕು ನಾಲ್ಕು ಹೆಚ್ಚಿಸುತ್ತ 64ಕ್ಕೆ ತಲುಪುವುದು ನನ್ನಲ್ಲಿರುವ ಮಾದರಿಯ ಕ್ರಮ.

ನೋಡುವುದಕ್ಕೆ ಚೆನ್ನಾಗಿಯೇ ಬಂದಿದೆ, ಆದರೆ ತೊಟ್ಟಾಗ ದೋಣಿಯ ಮೂತಿಯಂತೆ ಚೂಪಾಗಿ ನಿಲ್ಲುತ್ತದೆ. ಅಮ್ಮನ ಹೆಬ್ಬೆರಳೇ ಎಲ್ಲಕ್ಕಿಂತ ಉದ್ದ. ಅದರ ಹೊರ ಅಂಚು ಒತ್ತಿಕೊಳ್ಳುತ್ತದೆ, ಸ್ವಲ್ಪ ಹೊತ್ತು ಓಡಾಡಿದರೆ ಇಡೀ ಕಾಲುಚೀಲವೇ ತಿರುಚಿಕೊಂಡು ಚೂಪು ತುದಿ ಎರಡನೇ ಬೆರಳಿನ ಮೇಲೆ ಬಂದು ಕೂರುತ್ತದೆ. ತುದಿಯಲ್ಲಿ ಒಂದು ಗೆರೆ ತಾಕಿದಂತಾಗುತ್ತದೆ ಎಂದೂ ಹೇಳುತ್ತಾರೆ. ಆರಂಭದ ಕುಣಿಕೆಗಳನ್ನು ಹೆಚ್ಚಿಸಿದರೆ ಸಾಕೇ, ಅಥವಾ ಮೂತಿಯ ವಿಧಾನವನ್ನೇ ಬದಲಿಸಬೇಕೇ? ಅನುಭವವಿದ್ದವರು ಲೆಕ್ಕ ಸಹಿತ ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಉತ್ತರ: ಐದುಕಡ್ಡಿ

ನೂಲುಂಡೆಯವರೇ, ನಿಮ್ಮ ಹೆಣಿಗೆಯಲ್ಲಿ ಕೊರತೆಯೇನಿಲ್ಲ; ಆ ಮಾದರಿಯ ಆಕಾರವೇ ನಿಮ್ಮ ಅಮ್ಮನ ಪಾದದ ಆಕಾರವಲ್ಲ. ಎರಡೂ ಬದಿಗೆ ಸಮನಾಗಿ ಹೆಚ್ಚಿಸುತ್ತ ಹೋದರೆ ತುದಿ ಪಾದದ ನಟ್ಟನಡುವೆ ಬರುತ್ತದೆ, ಆದರೆ ಅತಿ ಉದ್ದದ ಬೆರಳು ನಟ್ಟನಡುವೆ ಇರುವ ಪಾದವನ್ನು ನಾನಂತೂ ನೋಡಿಲ್ಲ. ಬಟ್ಟೆ ಹಿಗ್ಗುವುದರಿಂದ ಹೆಚ್ಚಿನವರು ಇದನ್ನು ಸಹಿಸಿಕೊಂಡುಬಿಡುತ್ತಾರೆ. ಹೆಬ್ಬೆರಳು ಉದ್ದವಾಗಿದ್ದು, ಒತ್ತು ಬೀಳಲೇಬಾರದೆಂದು ವೈದ್ಯರೂ ಹೇಳಿರುವಾಗ ಸಹಿಸಿಕೊಳ್ಳಿ ಎನ್ನುವಂತಿಲ್ಲ.

ಮೊದಲು ಪಾದದ ನಕ್ಷೆ ತೆಗೆಯಿರಿ. ಅಮ್ಮ ಎರಡೂ ಕಾಲುಗಳ ಮೇಲೆ ಸಮನಾಗಿ ಭಾರ ಬಿಟ್ಟು ಕಾಗದದ ಮೇಲೆ ನಿಲ್ಲಲಿ. ಪೆನ್ಸಿಲನ್ನು ಓರೆಯಾಗಿಸದೆ ನೇರವಾಗಿ ಹಿಡಿದು ಬೆರಳುಗಳ ಹೊರ ಅಂಚಿನ ಗುಂಟ ಗೆರೆ ಎಳೆಯಿರಿ. ಹೆಬ್ಬೆರಳ ತುದಿಗೆ ತಾಗುವಂತೆ ಒಂದು ಅಡ್ಡಗೆರೆ ಹಾಕಿ, ಅಲ್ಲಿಂದ ಹಿಮ್ಮಡಿಯ ಕಡೆಗೆ ಸೆಂಟಿಮೀಟರಿಗೊಂದರಂತೆ ಇನ್ನೈದು ಗೆರೆ ಹಾಕಿಕೊಂಡು, ಪ್ರತಿ ಗೆರೆಯ ಮೇಲೆ ಪಾದ ಎಷ್ಟು ಅಗಲವಿದೆಯೆಂದು ಅಳೆಯಿರಿ. ಪಾದಕ್ಕೆ ದಪ್ಪವೂ ಇರುವುದರಿಂದ ಕಾಗದದ ಮೇಲಿನ ಅಗಲಕ್ಕಿಂತ ತುಸು ಹೆಚ್ಚು ಬಟ್ಟೆ ಬೇಕಾಗುತ್ತದೆ. ಹೆಣಿಗೆ ಹಿಗ್ಗುವ ಗುಣ ಆ ಹೆಚ್ಚಳವನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ, ಆದ್ದರಿಂದ ಕಾಗದದ ಅಗಲವನ್ನೇ ಕಾಲುಚೀಲವನ್ನು ಚಪ್ಪಟೆಯಾಗಿ ಹಾಸಿದಾಗಿನ ಅಗಲವೆಂದು ಹಿಡಿದು ಲೆಕ್ಕ ಹಾಕಬಹುದು.

ಈಗ ನಿಮ್ಮ ಮಾದರಿಯನ್ನು ಅದರ ಪಕ್ಕದಲ್ಲಿಟ್ಟು ನೋಡಿ. ನಿಮ್ಮ ಗೇಜಿನಲ್ಲಿ ಒಂದು ಸೆಂಟಿಮೀಟರಿಗೆ 3.2 ಕುಣಿಕೆ, 4.4 ಸುತ್ತು. ಕಡ್ಡಿಗೆ 10 ಕುಣಿಕೆಯೆಂದರೆ ತುದಿಯಲ್ಲಿ 3.1 ಸೆಂ.ಮೀ. ಅಗಲ. ಒಂದು ಸೆಂಟಿಮೀಟರ್ ಕೆಳಗೆ ಬರುವಾಗ ಎರಡು ಏರಿಕೆಗಳಷ್ಟೇ ಆಗಿ 14 ಕುಣಿಕೆ, ಅಂದರೆ 4.4 ಸೆಂ.ಮೀ.; ಎರಡು ಸೆಂಟಿಮೀಟರ್ ಕೆಳಗೆ 18 ಕುಣಿಕೆ, 5.6 ಸೆಂ.ಮೀ. ದೊಡ್ಡವರ ಪಾದ ಆ ಹೊತ್ತಿಗೆ ಇದಕ್ಕಿಂತ ಒಂದು ಸೆಂಟಿಮೀಟರಿಗೂ ಹೆಚ್ಚು ಅಗಲವಾಗಿರುವುದು ಸಾಮಾನ್ಯ. ಪೂರ್ತಿ 64 ಕುಣಿಕೆ ತಲುಪಲು ನಿಮಗೆ 22 ಸುತ್ತು, ಅಂದರೆ 5 ಸೆಂ.ಮೀ. ಹಿಡಿಯುತ್ತಿದೆ. ಅಷ್ಟರಲ್ಲಿ ಬೆರಳುಗಳೇ ಮುಗಿದಿರುತ್ತವೆ.

ಐದೂ ಬೆರಳುಗಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ನಿಲ್ಲುವ ಪಾದವಾಗಿದ್ದರೆ ಪರಿಹಾರ ಸುಲಭ: ಕಡ್ಡಿಗೆ 16ರಂತೆ 32 ಹಾಕಿ, ಮೊದಲ ನಾಲ್ಕು ಸುತ್ತುಗಳಲ್ಲಿ ಪ್ರತಿ ಸುತ್ತಿಗೂ ನಾಲ್ಕು ಕುಣಿಕೆ ಹೆಚ್ಚಿಸಿ 48ಕ್ಕೆ ಬನ್ನಿ, ಆಮೇಲೆ ಸುತ್ತು ಬಿಟ್ಟು ಸುತ್ತು ಮೂರು ಬಾರಿ ಹೆಚ್ಚಿಸಿದರೆ 60, ಕೊನೆಯ ಏರಿಕೆಯನ್ನು ಎರಡು ಸುತ್ತು ಬಿಟ್ಟು ಮಾಡಿದರೆ 64. ಮೂರು ಸೆಂಟಿಮೀಟರಿನೊಳಗೆ ಮೂತಿ ಮುಗಿಯುತ್ತದೆ, ಅಂಚುಗಳು ದುಂಡಗಾಗುತ್ತವೆ.

ಅಮ್ಮನ ಪಾದ ಹೆಬ್ಬೆರಳಿನಿಂದ ಕಿರುಬೆರಳಿಗೆ ಇಳಿಜಾರಾಗಿರುವಂತೆ ತೋರುತ್ತದೆ. ಅದಕ್ಕೆ ಎರಡು ಬದಿಗೆ ಎರಡು ಲೆಕ್ಕ ಬೇಕು. ಕಡ್ಡಿಗೆ 12ರಂತೆ 24 ಕುಣಿಕೆ ಹಾಕಿ. ಮೊದಲ ನಾಲ್ಕು ಸುತ್ತುಗಳಲ್ಲಿ ಎರಡೂ ಬದಿಗೆ, ಪ್ರತಿ ಸುತ್ತಿನಲ್ಲಿಯೂ ಹೆಚ್ಚಿಸಿ. ಮುಂದಿನ ನಾಲ್ಕು ಸುತ್ತುಗಳಲ್ಲಿ ಸುತ್ತು ಬಿಟ್ಟು ಸುತ್ತು, ಎರಡೂ ಬದಿಗೆ ಎರಡು ಬಾರಿ ಹೆಚ್ಚಿಸಿ. ಅಲ್ಲಿಗೆ ಒಟ್ಟು 48 ಆಗಿರುತ್ತದೆ. ಇಲ್ಲಿಂದ ಹೆಬ್ಬೆರಳ ಬದಿಯನ್ನು ಮುಟ್ಟದೆ ನೇರವಾಗಿ ಬಿಟ್ಟು, ಕಿರುಬೆರಳ ಬದಿಯಲ್ಲಿ ಮಾತ್ರ, ಮೇಲ್ಭಾಗಕ್ಕೊಂದು ಅಂಗಾಲ ಭಾಗಕ್ಕೊಂದರಂತೆ, ಸುತ್ತು ಬಿಟ್ಟು ಸುತ್ತು ಎಂಟು ಬಾರಿ ಹೆಚ್ಚಿಸಿದರೆ 64 ಬರುತ್ತದೆ. ಒಟ್ಟು 24 ಸುತ್ತು, ಸುಮಾರು 5.5 ಸೆಂ.ಮೀ. ಒಂದು ಸೆಂಟಿಮೀಟರ್ ಕೆಳಗೆ 6.2, ಎರಡು ಸೆಂಟಿಮೀಟರ್ ಕೆಳಗೆ 7.5 ಸೆಂ.ಮೀ. ಅಗಲ ಸಿಗುತ್ತದೆ, ತುದಿಯೂ ನಡುವಿನಲ್ಲಿರದೆ ಹೆಬ್ಬೆರಳ ಎದುರಿಗೆ ಬರುತ್ತದೆ. ತುದಿ ಇರಬೇಕಾದಲ್ಲಿ ಇದ್ದರೆ ಕಾಲುಚೀಲ ತಿರುಚಿಕೊಳ್ಳುವುದೂ ನಿಲ್ಲುತ್ತದೆ.

ಎಡಗಾಲಿಗೆ ಬೇರೆ, ಬಲಗಾಲಿಗೆ ಬೇರೆ ಬರೆದುಕೊಳ್ಳಬೇಕೇ ಎಂದು ಕೇಳುವವರಿದ್ದಾರೆ. ಸಾದಾ ಹೆಣಿಗೆಯಾದರೆ ಬೇಕಿಲ್ಲ. ಹಿಮ್ಮಡಿ ಹೆಣೆಯುವವರೆಗೂ ಈ ಕಾಲುಚೀಲಕ್ಕೆ ಮೇಲು ಕೆಳಗು ಎಂಬುದೇ ಇರುವುದಿಲ್ಲ. ಒಂದೇ ರೀತಿಯ ಎರಡು ಮೂತಿಗಳನ್ನು ಹೆಣೆದು, ಒಂದರಲ್ಲಿ ಮೊದಲ ಕಡ್ಡಿಯ ಕುಣಿಕೆಗಳ ಮೇಲೆ, ಇನ್ನೊಂದರಲ್ಲಿ ಎರಡನೇ ಕಡ್ಡಿಯ ಕುಣಿಕೆಗಳ ಮೇಲೆ ಹಿಮ್ಮಡಿ ಕೂರಿಸಿದರೆ ಒಂದು ಎಡವಾಗುತ್ತದೆ, ಇನ್ನೊಂದು ಬಲವಾಗುತ್ತದೆ.

ಉತ್ತರ: ಚಳಿನಾಡು

ಮೇಲಿನ ಲೆಕ್ಕ ಒಪ್ಪುವಂಥದ್ದೇ, ಆದರೂ ಮೂತಿಯನ್ನು ಬಿಚ್ಚುವ ಮುಂಚೆ ಉದ್ದವನ್ನು ಪರೀಕ್ಷಿಸಿ ಎನ್ನುತ್ತೇನೆ. ಕಾಲುಚೀಲ ಗಿಡ್ಡವಾಗಿದ್ದರೆ ಎಂಥ ಮೂತಿಯೂ ಬೆರಳನ್ನು ಒತ್ತುತ್ತದೆ. 23.5 ಸೆಂ.ಮೀ. ಪಾದಕ್ಕೆ ಹಿಗ್ಗಿಸದೆ ಹಾಸಿದ ಕಾಲುಚೀಲ 22ರಿಂದ 22.5 ಸೆಂ.ಮೀ. ಇರಬೇಕು, ಅದಕ್ಕಿಂತ ಕಡಿಮೆಯಿದ್ದರೆ ನಡೆದಂತೆಲ್ಲ ಹಿಮ್ಮಡಿಯ ತಿರುವು ಅಂಗಾಲಿನ ಕೆಳಗೆ ಸರಿಯುತ್ತದೆ, ಮೂತಿ ಬಿಗಿಯುತ್ತದೆ. ತೊಡಿಸಿ ಓಡಾಡಿಸಿದ ಮೇಲೆ ಹಿಮ್ಮಡಿಯ ತಿರುವು ಎಲ್ಲಿ ನಿಂತಿದೆ ಎಂದು ನೋಡಿದರೆ ಗೊತ್ತಾಗುತ್ತದೆ. ಅಳತೆಯನ್ನು ಒಗೆದು ಒಣಗಿಸಿದ ಮೇಲೆಯೇ ತೆಗೆದುಕೊಳ್ಳಿ, ಏಕೆಂದರೆ ಯಂತ್ರದಲ್ಲಿ ಒಗೆಯಬಹುದಾದ ಉಣ್ಣೆ ಮೊದಲ ಒಗೆತಕ್ಕೆ ಸ್ವಲ್ಪ ಸಡಿಲವಾಗುವುದುಂಟು.

ಎಡ ಬಲ ಬೇರೆ ಮಾಡುವುದರಲ್ಲಿ ನನಗೆ ಒಂದು ಆಕ್ಷೇಪವೂ ಇದೆ. ಎರಡು ಕಾಲಿಗೂ ಹೊಂದುವ ಕಾಲುಚೀಲವನ್ನು ಅದಲುಬದಲಾಗಿ ತೊಡಬಹುದು, ಸವೆತ ಹಂಚಿಹೋಗುತ್ತದೆ. ಎಡ ಬಲ ಗೊತ್ತಾದ ಮೇಲೆ ಹೆಬ್ಬೆರಳ ಉಗುರು ದಿನವೂ ಅದೇ ಜಾಗವನ್ನು ಉಜ್ಜುತ್ತದೆ. ಬೇರೆ ಯಾರಿಗಾದರೂ ಆಗಿದ್ದರೆ ದುಂಡು ಮೂತಿಯೇ ಸಾಕು ಎನ್ನುತ್ತಿದ್ದೆ. ನಿಮ್ಮ ಅಮ್ಮನ ವಿಷಯದಲ್ಲಿ ಬಾಳಿಕೆಗಿಂತ ಒತ್ತಿಲ್ಲದಿರುವುದೇ ಮುಖ್ಯ ಎಂಬುದರಿಂದ ಐದುಕಡ್ಡಿಯವರ ಎರಡನೇ ಲೆಕ್ಕವನ್ನೇ ಹಿಡಿಯಿರಿ, ಆದರೆ ಹೆಬ್ಬೆರಳ ಕಡೆ ತೆಳುವಾಗುತ್ತಿದೆಯೇ ಎಂದು ಆಗಾಗ ಬೆಳಕಿಗೆ ಹಿಡಿದು ನೋಡುತ್ತಿರಿ.

ಉತ್ತರ: ಒಳಮೈ

ಆಕಾರದ ಬಗ್ಗೆ ಇಬ್ಬರೂ ಹೇಳಿದ್ದಾರೆ. ತಾಕುವ ಗೆರೆಯ ಬಗ್ಗೆ ನಾನು ಹೇಳುತ್ತೇನೆ. ಆ ಗೆರೆಗೆ ಕಾರಣ ಹೆಚ್ಚಾಗಿ ಆರಂಭದ ಕುಣಿಕೆಗಳೇ. ಕಾಲುಚೀಲವನ್ನು ಒಳಹೊರಗು ಮಾಡಿ, ಕಣ್ಣು ಮುಚ್ಚಿಕೊಂಡು ತೋರುಬೆರಳನ್ನು ತುದಿಯ ಗುಂಟ ಆಡಿಸಿ ನೋಡಿ. ಸಾಲಾಗಿ ಉಬ್ಬು ತಗುಲಿದರೆ ಆರಂಭದಲ್ಲಿ ಬಿಗಿತವಿದೆ ಅಥವಾ ಪರ್ಲ್ (ಉಲ್ಟಾ ಕುಣಿಕೆ) ಗಂಟುಗಳ ಸಾಲು ಒಳಗೆ ಎದ್ದಿದೆ ಎಂದು ತಿಳಿಯಬಹುದು.

ನೀವು ಯಾವ ಆರಂಭ ಬಳಸಿದ್ದೀರೆಂದು ಬರೆದಿಲ್ಲ. ಇಂದು ಹೆಚ್ಚು ಬಳಕೆಯಲ್ಲಿರುವುದು ಜೂಡಿ ಬೆಕರ್ ಅವರ ಮ್ಯಾಜಿಕ್ ಕಾಸ್ಟ್ ಆನ್. 2006ರ ವಸಂತದಲ್ಲಿ ನಿಟ್ಟಿ ಎಂಬ ಅಂತರ್ಜಾಲ ಪತ್ರಿಕೆಯಲ್ಲಿ ಪ್ರಕಟವಾದಂದಿನಿಂದ ತುದಿಯಿಂದ ಹೆಣೆಯುವವರಲ್ಲಿ ಬಹುಪಾಲು ಮಂದಿ ಅದಕ್ಕೇ ಒಲಿದಿದ್ದಾರೆ. ಎರಡು ಕಡ್ಡಿಗಳನ್ನು ಒಟ್ಟಿಗೆ ಹಿಡಿದು, ನೂಲಿನ ಎರಡು ಎಳೆಗಳನ್ನು ಒಂದಾದ ಮೇಲೊಂದರಂತೆ ಎರಡೂ ಕಡ್ಡಿಗಳಿಗೆ ಸುತ್ತುತ್ತ ಹೋಗುವುದರಿಂದ ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಒಟ್ಟಿಗೇ ಹುಟ್ಟುತ್ತವೆ, ನಡುವೆ ಕೂಡುಗೆರೆ ಉಳಿಯುವುದಿಲ್ಲ. ಇದರಲ್ಲಿ ಗಮನಿಸಬೇಕಾದದ್ದು ಮೂರು ಕಡೆ. ಮೊದಲ ಕುಣಿಕೆಗೆ ಜಾರುಗಂಟು ಹಾಕಬೇಡಿ, ಎಳೆಯನ್ನು ಸುಮ್ಮನೆ ಕಡ್ಡಿಯ ಮೇಲೆ ಇಳಿಬಿಟ್ಟು ಒಮ್ಮೆ ಹೊಸೆದರೆ ಸಾಕು. ಗಂಟು ಹಾಕಿದರೆ ಅದು ಸರಿಯಾಗಿ ಬೆರಳ ಮೂಲೆಗೇ ಬಂದು ನಿಲ್ಲುತ್ತದೆ. ಎರಡು ಎಳೆಗಳ ಸ್ಥಾನ ಅದಲುಬದಲಾದರೆ ಪರ್ಲ್ ಸಾಲೊಂದು ಏಳುತ್ತದೆ, ಆದ್ದರಿಂದ ಮೊದಲ ಸುತ್ತು ಮುಗಿದೊಡನೆ ಎರಡೂ ಮುಖ ನೋಡಿ. ಇನ್ನು ಮೊದಲ ಸುತ್ತಿನಲ್ಲಿ ಎರಡನೇ ಕಡ್ಡಿಯ ಕುಣಿಕೆಗಳು ಸಾಮಾನ್ಯಕ್ಕೆ ವಿರುದ್ಧವಾಗಿ ಕುಳಿತಿರಬಹುದು, ಅಂದರೆ ಕುಣಿಕೆಯ ಬಲಗಾಲು ಕಡ್ಡಿಯ ಹಿಂದೆ ಇರಬಹುದು. ಹಾಗಿದ್ದರೆ ಆ ಒಂದು ಸುತ್ತಿನಲ್ಲಿ ಮಾತ್ರ ಅವನ್ನು ಹಿಂದಿನ ಕಾಲಿನಿಂದ ಹೆಣೆಯಬೇಕು. ಇಲ್ಲವಾದರೆ ತಿರುಚಿದ ಕುಣಿಕೆಗಳ ಸಾಲು ಗಟ್ಟಿಯಾಗಿ ಉಳಿದು ಅದೇ ಗೆರೆಯಾಗುತ್ತದೆ.

ಒಂದೇ ಎಳೆಯನ್ನು ಎರಡು ಕಡ್ಡಿಗಳ ಸುತ್ತ ಸುರುಳಿಯಾಗಿ ಸುತ್ತುವ ಟರ್ಕಿಷ್ ಆರಂಭವೂ ನುಣುಪಾಗಿ ಬರುತ್ತದೆ, ಕಲಿಯುವವರಿಗೆ ಅದೇ ಸುಲಭ. ಎಂಟರ ಆಕಾರದಲ್ಲಿ ಸುತ್ತುವ ಆರಂಭದಲ್ಲಿ ನಡುವಿನ ಕುಣಿಕೆಗಳು ಜೋಲುತ್ತವೆ, ಆಮೇಲೆ ಕಡ್ಡಿಯ ಮೊನೆಯಿಂದ ಒಂದೊಂದನ್ನೇ ಎಳೆದು ಬಿಗಿ ಮಾಡುವ ಕೆಲಸ ತಪ್ಪುವುದಿಲ್ಲ. ನಾನು ಅದನ್ನು ಸಲಹೆ ಮಾಡುವುದಿಲ್ಲ.

ಏರಿಕೆಯ ವಿಧಾನವೂ ತಾಕುತ್ತದೆ. ಒಂದೇ ಕುಣಿಕೆಯಲ್ಲಿ ಮುಂದೊಮ್ಮೆ ಹಿಂದೊಮ್ಮೆ ಹೆಣೆದರೆ ಬರುವ ಪುಟ್ಟ ಅಡ್ಡಗಂಟು ಹೊರಮೈಗೆ ಬರುತ್ತದೆ; ಕಣ್ಣಿಗೆ ಕಾಣುತ್ತದೆಯೇ ಹೊರತು ಬೆರಳಿಗೆ ಒತ್ತುವುದಿಲ್ಲ. ಕೆಳಗಿನ ಸಾಲಿನ ಕುಣಿಕೆಯನ್ನೇ ಎತ್ತಿ ಹೆಣೆಯುವ ಏರಿಕೆ ಅತ್ಯಂತ ನುಣುಪು, ಆದರೆ ಪ್ರತಿ ಸುತ್ತಿನಲ್ಲಿಯೂ ಅದನ್ನೇ ಮಾಡಿದರೆ ಕೆಳಗಿನ ಸಾಲನ್ನು ಎಳೆದೂ ಎಳೆದೂ ಆ ಅಂಚು ಹಗ್ಗದಂತೆ ಬಿಗಿಯಾಗುತ್ತದೆ. ನಿಮ್ಮ ಹೊಸ ಲೆಕ್ಕದಲ್ಲಿ ಮೊದಲ ನಾಲ್ಕು ಸುತ್ತುಗಳಲ್ಲಿ ಸತತ ಏರಿಕೆಗಳಿವೆ; ಅಲ್ಲಿ ನೂಲನ್ನು ಕಡ್ಡಿಯ ಮೇಲೆ ಸುತ್ತಿಕೊಂಡು, ಮುಂದಿನ ಸುತ್ತಿನಲ್ಲಿ ಅದನ್ನು ತಿರುಚಿ ಹೆಣೆಯುವ ಸಡಿಲ ಏರಿಕೆ ಬಳಸಿ. ಸುತ್ತು ಬಿಟ್ಟು ಸುತ್ತು ಬರುವ ಕಡೆ ಎತ್ತುವ ಏರಿಕೆ ಬಳಸಿದರೆ ತೊಂದರೆಯಿಲ್ಲ. ಅಂಚಿನಿಂದ ಒಂದು ಕುಣಿಕೆ ಒಳಗೆ ಏರಿಸಿದರೆ ಸಾಕು. ಎರಡು ಮೂರು ಕುಣಿಕೆ ಒಳಗೆ ಹೋದರೆ ಬದಿಯಲ್ಲಿ ದಪ್ಪ ಪಟ್ಟಿ ಏಳುತ್ತದೆ, ಪಾದರಕ್ಷೆಯೊಳಗೆ ಅದೇ ಕಿರುಬೆರಳನ್ನು ಉಜ್ಜುತ್ತದೆ.

ಆರಂಭದ ಎಳೆಯ ತುದಿಯನ್ನು ಬೆರಳ ತುದಿಯ ಗುಂಟ ಅಡ್ಡಲಾಗಿ ಸೇರಿಸಬೇಡಿ. ಕಿರುಬೆರಳ ಬದಿಯ ಏರಿಕೆಯ ಸಾಲಿನಲ್ಲಿ ಸೂಜಿಯಿಂದ ಹಿಮ್ಮಡಿಯ ಕಡೆಗೆ ಒಯ್ದು, ಸ್ವಲ್ಪ ಉದ್ದ ಬಿಟ್ಟೇ ಕತ್ತರಿಸಿ.

ಇನ್ನೊಂದು ಮಾತು. ಸಕ್ಕರೆ ಕಾಯಿಲೆಯಿಂದ ನರಗಳ ಸ್ಪರ್ಶ ಕುಂದಿದ್ದರೆ ಒತ್ತು ಬಿದ್ದರೂ ಅವರಿಗೆ ತಿಳಿಯದೇ ಹೋಗಬಹುದು. ಆದ್ದರಿಂದ 'ಹಾಯಾಗಿದೆ' ಎಂಬ ಅವರ ಮಾತೊಂದನ್ನೇ ನಂಬದೆ, ಕಾಲುಚೀಲ ತೆಗೆದೊಡನೆ ಬೆರಳುಗಳ ತುದಿ, ಸಂದು, ಹೆಬ್ಬೆರಳ ಹೊರ ಅಂಚು ಇವುಗಳಲ್ಲಿ ಕೆಂಪು ಗುರುತು ಉಳಿದಿದೆಯೇ ಎಂದು ನೋಡಬೇಕು. ಗುರುತು ಮಾಯದಿದ್ದರೆ ಆ ಕಾಲುಚೀಲ ಬಿಟ್ಟು ವೈದ್ಯರಿಗೆ ತೋರಿಸಬೇಕು. ಇಂಥವರಿಗೆ ಬಿಳಿ, ಕೆನೆಬಣ್ಣ ಮುಂತಾದ ತಿಳಿಬಣ್ಣದ ಕಾಲುಚೀಲವೇ ಲೇಸು, ಗಾಯದಿಂದ ರಕ್ತವೋ ಕೀವೋ ಒಸರಿದರೆ ಕೂಡಲೇ ಕಣ್ಣಿಗೆ ಬೀಳುತ್ತದೆ.

ಮರುಪ್ರಶ್ನೆ: ನೂಲುಂಡೆ

ಇಷ್ಟು ವಿವರವಾಗಿ ಬರೆದ ಮೂವರಿಗೂ ಧನ್ಯವಾದಗಳು. ಕಾಲುಚೀಲದ ಉದ್ದ 22.3 ಸೆಂ.ಮೀ. ಇದೆ, ಆದ್ದರಿಂದ ತೊಂದರೆ ಅಲ್ಲಿಲ್ಲ. ತಮ್ಮ ನಕ್ಷೆ ತೆಗೆದು ಕಳಿಸಿದ್ದಾನೆ: ತುದಿಯಿಂದ ಒಂದು ಸೆಂಟಿಮೀಟರ್ ಕೆಳಗೆ 5.6, ಎರಡು ಸೆಂಟಿಮೀಟರ್ ಕೆಳಗೆ 7.1 ಸೆಂ.ಮೀ. ಅಗಲ. ಐದುಕಡ್ಡಿಯವರ ಎರಡನೇ ಲೆಕ್ಕಕ್ಕೆ ಇದು ಬಹಳ ಹತ್ತಿರವಿದೆ. ನನ್ನ ಆರಂಭ ಮ್ಯಾಜಿಕ್ ಕಾಸ್ಟ್ ಆನ್. ಎರಡನೇ ಕಡ್ಡಿಯ ಮೊದಲ ಸಾಲು ತಿರುಚಿಕೊಂಡಿರುವುದು ಒಳಹೊರಗು ಮಾಡಿದಾಗ ಸ್ಪಷ್ಟವಾಗಿ ಕಂಡಿತು.

ನಕ್ಷೆಯ ಜೊತೆ ಬಂದ ಎರಡು ಸಂಗತಿಗಳನ್ನು ಇಲ್ಲಿ ಸೇರಿಸಬೇಕು. ಅಮ್ಮ ಎರಡನೇ ಬೆರಳಿನ ಕಾಲುಂಗುರವನ್ನು ತೆಗೆಯುವುದಿಲ್ಲ. ಹಿತ್ತಲಿಗೆ ಹೋಗುವಾಗ ಕಾಲುಚೀಲದ ಮೇಲೆಯೇ ಹವಾಯಿ ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ, ಆಗ ಚಪ್ಪಲಿಯ ಉಂಗುಟದ ಪಟ್ಟಿ ಮೂತಿಯ ಬಟ್ಟೆಯನ್ನು ಬೆರಳ ಸಂದಿಗೆ ತುರುಕುತ್ತದೆ. ಇಂಥ ಬಳಕೆಗೆ ಮೂತಿ ಎಷ್ಟೇ ಅಗಲವಿದ್ದರೂ ಎಳೆತ ತಪ್ಪುವುದಿಲ್ಲ ಎಂದು ತೋರುತ್ತದೆ. ಹೆಬ್ಬೆರಳಿಗೆ ಬೇರೆ ಗೂಡು ಮಾಡಿದರೆ ಹೇಗೆ?

ಉತ್ತರ: ಇಬ್ಬನಿ

ಚಪ್ಪಲಿ ಮೆಟ್ಟುವವರಿಗೆ ಹೆಬ್ಬೆರಳ ಗೂಡೇ ಸರಿ. ನಮ್ಮ ಊರುಗಳ ಅಂಗಡಿಗಳಲ್ಲಿ ಹೆಂಗಸರಿಗೆಂದು ಮಾರುವ ತೆಳು ಕಾಲುಚೀಲಗಳಲ್ಲಿಯೂ ಹೆಬ್ಬೆರಳನ್ನು ಬೇರ್ಪಡಿಸಿರುವುದು ಇದೇ ಕಾರಣಕ್ಕೆ. ಇದು ಹೊಸತೂ ಅಲ್ಲ: ಈಜಿಪ್ಟಿನಲ್ಲಿ ದೊರೆತು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಕೆಂಪು ಉಣ್ಣೆಯ ಕಾಲುಚೀಲಗಳು ಕ್ರಿ.ಶ. 250ರಿಂದ 420ರ ನಡುವಿನವು, ಅವುಗಳಲ್ಲಿ ಚಪ್ಪಲಿಯ ಪಟ್ಟಿಗೆಂದು ಬೆರಳ ಭಾಗವನ್ನು ಎರಡಾಗಿ ಸೀಳಿದೆ. ಅವು ಎರಡು ಕಡ್ಡಿಗಳ ಹೆಣಿಗೆಯಲ್ಲ, ಒಂದೇ ಸೂಜಿಯಿಂದ ಕುಣಿಕೆ ಕುಣಿಕೆಯಾಗಿ ಮಾಡಿದವು. ಜಪಾನಿನ ತಾಬಿ ಎಂಬ ಕಾಲುಚೀಲವೂ ಇದೇ ಆಕಾರದ್ದು.

ನಿಮ್ಮ 64 ಕುಣಿಕೆಗೆ ಹೊಂದುವ ಲೆಕ್ಕ ಹೀಗೆ. ಹೆಬ್ಬೆರಳಿಗೆ ಕಡ್ಡಿಗೆ 6ರಂತೆ 12 ಹಾಕಿ, ಸತತ ಮೂರು ಸುತ್ತುಗಳಲ್ಲಿ ನಾಲ್ಕು ನಾಲ್ಕು ಹೆಚ್ಚಿಸಿ 24 ಮಾಡಿಕೊಂಡು, ಬೆರಳ ಸಂದು ಬರುವವರೆಗೆ, ಅಂದರೆ ಸುಮಾರು 4 ಸೆಂ.ಮೀ. ಆಗುವವರೆಗೆ ನೇರವಾಗಿ ಹೆಣೆಯಿರಿ. ಇದನ್ನು ಬೇರೆ ನೂಲಿಗೆ ವರ್ಗಾಯಿಸಿ ಬದಿಗಿಡಿ. ಉಳಿದ ನಾಲ್ಕು ಬೆರಳುಗಳಿಗೆ ಕಡ್ಡಿಗೆ 12ರಂತೆ 24 ಹಾಕಿ, ಮೊದಲ ಎರಡು ಸುತ್ತು ಎರಡೂ ಬದಿಗೆ ಹೆಚ್ಚಿಸಿ 32 ಮಾಡಿ. ಆಮೇಲೆ ಕಿರುಬೆರಳ ಬದಿಗೆ ಮಾತ್ರ ಸುತ್ತು ಬಿಟ್ಟು ಸುತ್ತು ಆರು ಬಾರಿ ಎರಡೆರಡು ಹೆಚ್ಚಿಸಿದರೆ 14 ಸುತ್ತುಗಳಲ್ಲಿ 44 ಬರುತ್ತದೆ. ಆ ಹೊತ್ತಿಗೆ 3.2 ಸೆಂ.ಮೀ. ಆಗಿದ್ದು ಎರಡನೇ ಬೆರಳ ಬುಡ ತಲುಪಿರುತ್ತೀರಿ. ನಕ್ಷೆಯಲ್ಲಿ ಸಂದು ಎಲ್ಲಿದೆಯೆಂದು ನೋಡಿ ಒಂದೆರಡು ಸುತ್ತು ಹೆಚ್ಚುಕಡಿಮೆ ಮಾಡಿಕೊಳ್ಳಿ.

ಈಗ ಎರಡು ಗೂಡುಗಳನ್ನು ಪಕ್ಕಪಕ್ಕ ಇಡಿ. ಒಂದಕ್ಕೊಂದು ತಾಗುವ ಬದಿಯಲ್ಲಿ ಪ್ರತಿ ಗೂಡಿನಿಂದ ನಾಲ್ಕು ಕುಣಿಕೆಗಳನ್ನು, ಮೇಲಿನಿಂದ ಎರಡು ಕೆಳಗಿನಿಂದ ಎರಡರಂತೆ, ಬೇರ್ಪಡಿಸಿಕೊಂಡು ಅವನ್ನು ಪರಸ್ಪರ ಕಿಚನರ್ ಜೋಡಣೆಯಿಂದ, ಅಂದರೆ ಸೂಜಿಯಲ್ಲಿ ನೂಲು ಪೋಣಿಸಿ ಹೊಲಿಗೆಯ ಗೆರೆ ಏಳದಂತೆ ಕುಣಿಕೆಗೆ ಕುಣಿಕೆ ಸೇರಿಸುವ ಕ್ರಮದಿಂದ, ಕೂಡಿಸಿ. ಹೆಬ್ಬೆರಳಿನಲ್ಲಿ 20, ಇನ್ನೊಂದರಲ್ಲಿ 40 ಉಳಿದು ಒಟ್ಟು 60 ಆಗುತ್ತದೆ. ಮುಂದೆ ಕಿರುಬೆರಳ ಬದಿಗೆ ಇನ್ನೆರಡು ಬಾರಿ ಹೆಚ್ಚಿಸಿದರೆ ನಿಮ್ಮ 64 ಸಿದ್ಧ. ಜೋಡಣೆಯ ಎರಡು ಕೊನೆಗಳಲ್ಲಿ ಸಣ್ಣ ತೂತು ಉಳಿದೇ ಉಳಿಯುತ್ತದೆ, ಉಳಿಸಿಕೊಂಡ ಎಳೆಯ ತುದಿಯಿಂದಲೇ ಅವನ್ನು ಒಳಗಿನಿಂದ ಸುತ್ತಿ ಮುಚ್ಚಿ. ಎಳೆದು ಬಿಗಿ ಮಾಡಬೇಡಿ, ಚಪ್ಪಲಿಯ ಪಟ್ಟಿ ಕೂರುವುದು ಅದೇ ಜಾಗದಲ್ಲಿ. ಈ ನಾಲ್ಕು ಕುಣಿಕೆಗಳ ಸೇತುವೆಯನ್ನು ಬಿಟ್ಟು ನೇರವಾಗಿ ಕೂಡಿಸುವವರೂ ಇದ್ದಾರೆ. ಹಾಗೆ ಮಾಡಿದರೆ ಸಂದಿನಲ್ಲಿ ಬಟ್ಟೆ ಸಾಲದೆ ಗೂಡುಗಳು ಬೆರಳನ್ನು ಬುಡದಲ್ಲಿ ಕಚ್ಚುತ್ತವೆ.

ಕಾಲುಂಗುರ ನುಣುಪಾದ ಬೆಳ್ಳಿಯ ಬಳೆಯಾಗಿದ್ದರೆ ಈ ಗೂಡಿನಲ್ಲಿ ತೊಡಕಾಗದು. ಮುತ್ತು, ಕೆತ್ತನೆ, ಬಿಟ್ಟ ಬಾಯಿ ಇರುವ ಉಂಗುರವಾದರೆ ಎಳೆಗೆ ಸಿಕ್ಕಿಕೊಳ್ಳುತ್ತದೆ, ಬಟ್ಟೆ ಅದನ್ನು ಚರ್ಮಕ್ಕೆ ಒತ್ತಲೂಬಹುದು. ಕಾಲುಂಗುರ ಬಿಡಿಸುವ ಮಾತು ಎತ್ತುವುದು ಕಷ್ಟವೆಂದು ಬಲ್ಲೆ. ನುಣುಪಾದ, ತುಸು ಸಡಿಲವಾದ ಜೋಡಿಯನ್ನು ಹಾಕಿಸಿಕೊಳ್ಳಲು ಅಮ್ಮಂದಿರು ಅಷ್ಟಾಗಿ ತಕರಾರು ಮಾಡುವುದಿಲ್ಲ. ಪಾದ ಬಾಯುವ ಅಭ್ಯಾಸವಿದ್ದರಂತೂ ಉಂಗುರದ ವಿಷಯವನ್ನು ವೈದ್ಯರಲ್ಲಿ ಕೇಳಲೇಬೇಕು.

ಉತ್ತರ: ಐದುಕಡ್ಡಿ

ಇಬ್ಬನಿಯವರ ಲೆಕ್ಕ ಚೊಕ್ಕವಾಗಿದೆ. ಮೇಲು ಕೆಳಗು ತಿರುಗಿಸಿ ಎಡ ಬಲ ಮಾಡುವ ಉಪಾಯ ಅದಕ್ಕೂ ಅನ್ವಯಿಸುತ್ತದೆ. ಅರ್ಧ ಸಾಲುಗಳನ್ನು ತಿರುತಿರುಗಿಸಿ ಹೆಣೆಯುವ ಹಿಮ್ಮಡಿಯಂಥ ಮೂತಿಯ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ: ಅದು ನೋಡಲು ಅಂದ, ಆದರೆ ಎರಡೂ ಬದಿಯಲ್ಲಿ ಓರೆಯಾದ ದಪ್ಪ ಗೆರೆ ಉಳಿಯುತ್ತದೆ, ಇಳಿಜಾರು ಪಾದಕ್ಕೆ ಬೇಕಾದಂತೆ ಅದನ್ನು ಒಂದು ಕಡೆಗೆ ವಾಲಿಸುವುದೂ ಸುಲಭವಲ್ಲ. ಈ ಪಾದಕ್ಕೆ ಅದು ಬೇಡ.

ಚಳಿನಾಡು ಅವರು ಎತ್ತಿದ ಸವೆತದ ಮಾತಿಗೆ ಬರುತ್ತೇನೆ. ತುದಿಯಿಂದ ಹೆಣೆದ ಕಾಲುಚೀಲದ ಮೂತಿ ಸವೆದರೆ ಅದನ್ನು ಆ ತುದಿಯಿಂದ ಬಿಚ್ಚುತ್ತ ಬರಲು ಆಗುವುದಿಲ್ಲ; ಹೆಣಿಗೆ ಸಲೀಸಾಗಿ ಬಿಚ್ಚಿಕೊಳ್ಳುವುದು ಮುಗಿದ ಕಡೆಯಿಂದ, ಆರಂಭದ ಕಡೆಯಿಂದಲ್ಲ. ದುರಸ್ತಿ ಬೇಕಾದಾಗ ಸವೆದ ಜಾಗಕ್ಕಿಂತ ಒಂದು ಸೆಂಟಿಮೀಟರ್ ಮೇಲೆ, ಗಟ್ಟಿಯಾಗಿರುವ ಕಡೆ, ಒಂದೇ ಸುತ್ತಿನ 64 ಕುಣಿಕೆಗಳ ಬಲಗಾಲುಗಳನ್ನು ತೆಳುವಾದ ಕಡ್ಡಿಗೆ ಪೋಣಿಸಿಕೊಂಡು, ಅದರ ಕೆಳಗಿನ ಸುತ್ತಿನಲ್ಲಿ ಒಂದು ಕುಣಿಕೆಯನ್ನು ಕತ್ತರಿಸಿ ಎಳೆಯನ್ನು ಬಿಡಿಸಿ ಹಳೆಯ ಮೂತಿಯನ್ನು ಬೇರ್ಪಡಿಸಬೇಕು. ಗೂಡಿರುವ ಕಾಲುಚೀಲವಾದರೆ ಸಾಮಾನ್ಯವಾಗಿ ಹೆಬ್ಬೆರಳ ಗೂಡಷ್ಟೇ ಸವೆಯುತ್ತದೆ, ಆಗ 24 ಕುಣಿಕೆಗಳನ್ನಷ್ಟೇ ಎತ್ತಿಕೊಂಡರೆ ಸಾಕು. ಅಲ್ಲಿಂದ ಹೊಸ ನೂಲಿನಿಂದ ತುದಿಯ ಕಡೆಗೆ, ಏರಿಕೆಗಳಿದ್ದ ಕಡೆಯಲ್ಲೆಲ್ಲ ಇಳಿಕೆ ಮಾಡುತ್ತ ಹೆಣೆದು ಕೊನೆಗೆ ಕಿಚನರ್ ಜೋಡಣೆಯಿಂದ ಮುಚ್ಚಬೇಕು.

ಈ ಜೋಡಣೆಗೆ ಅಂಟಿಕೊಂಡಿರುವುದು 1902ರಿಂದ 1909ರವರೆಗೆ ಭಾರತದಲ್ಲಿ ಸೇನಾಧಿಪತಿಯಾಗಿದ್ದ ಲಾರ್ಡ್ ಕಿಚನರ್ ಅವರ ಹೆಸರೇ. ಮೊದಲ ಮಹಾಯುದ್ಧದಲ್ಲಿ ಬೂಟಿನೊಳಗೆ ಸೈನಿಕರ ಬೆರಳು ಉಜ್ಜದಿರಲೆಂದು ಅವರು ಹೊಲಿಗೆಯಿಲ್ಲದ ಮೂತಿಯನ್ನು ಬಳಕೆಗೆ ತಂದರೆಂಬ ಕಥೆ ಹೆಣಿಗೆಯವರಲ್ಲಿ ಪ್ರಚಲಿತವಾಗಿದೆ. ಅವರೇ ಕಡ್ಡಿ ಹಿಡಿದರೆಂಬುದನ್ನು ಮಾತ್ರ ನಾನು ನಂಬಲಾರೆ.

ದುರಸ್ತಿಗೆಂದು ಅದೇ ಉಂಡೆಯ ನೂಲನ್ನು ಒಂದಿಷ್ಟು ಎತ್ತಿಡಿ, ಕಾಲುಚೀಲವನ್ನು ಒಗೆಯುವಾಗ ಆ ನೂಲಿನ ಪುಟ್ಟ ಲಡಿಯನ್ನೂ ಜೊತೆಗೇ ಒಗೆಯುತ್ತಿರಿ. ಆಗ ಹೊಸ ಮೂತಿಯ ಬಣ್ಣ ಹಳೆಯದಕ್ಕೆ ಹೊಂದುತ್ತದೆ, ದುರಸ್ತಿ ಮಾಡಿದ ಮೇಲೆ ಆ ಭಾಗವೊಂದೇ ಕುಗ್ಗುವ ಭಯವೂ ಇರುವುದಿಲ್ಲ.